ಓದು ಬಾರದ ಹೈದರಾಲಿಯೂ ನನ್ನ ಬ್ಯಾಕ್‌ಲಾಗೂ

ಮೂರನೇ ಸೆಮಿಸ್ಟರ್ ಫಲಿತಾಂಶ ಬಂದ ದಿನ ನಾನು ಊರಲ್ಲೇ ಇದ್ದೆ. ಮೊಬೈಲ್‌ನಲ್ಲಿ ನೋಡಿದರೆ ಮೆಕ್ಯಾನಿಕ್ಸ್ ಆಫ್ ಮಟೀರಿಯಲ್ಸ್ ವಿಷಯದ ಮುಂದೆ ಎಫ್ ಎಂದಿತ್ತು. ಅಪ್ಪ ಕುಲುಮೆಯ ಮುಂದೆ ಕೂತು ಕಬ್ಬು ಕಡಿಯುವ ಕೊಯ್ತಾ ಕಾಯಿಸಿ ಬಡಿಯುತ್ತಿದ್ದರು. ಫಲಿತಾಂಶ ಬಂತೇನು ಎಂದು ಕೇಳಿದರು. ಎಲ್ಲ ಪಾಸು ಎಂದುಬಿಟ್ಟೆ. ಅವರು ಮತ್ತೇನೂ ಕೇಳಲಿಲ್ಲ. ಸುತ್ತಿಗೆಯ ಸದ್ದು ಮುಂದುವರಿಯಿತು.

ನಮ್ಮದು ಕಾಗವಾಡ ತಾಲ್ಲೂಕಿನ ಐನಾಪುರ. ಸುತ್ತ ಕಬ್ಬಿನ ಸೀಮೆ. ಅಜ್ಜ ಚಕ್ಕಡಿಯ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರು. ಅಪ್ಪ ಕುಲುಮೆಯ ಜೊತೆಗೆ ವೆಲ್ಡಿಂಗ್ ಮಷಿನ್ ಇಟ್ಟುಕೊಂಡು ಟ್ರೇಲರ್ ರಿಪೇರಿ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಬಿಇ ಓದಲು ಹೋದದ್ದು ನಾನೇ ಮೊದಲು. ಕಾಲೇಜಿನಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ, ಫ್ಯಾಬ್ರಿಕೇಷನ್ ಬಿಸಿನೆಸ್ ಎಂದು ಹೇಳುತ್ತಿದ್ದೆ. ಕುಲುಮೆ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ.

ಆ ರಜೆಯಲ್ಲಿ ಅಕ್ಕ ಧಾರವಾಡದಿಂದ ಬಂದಿದ್ದಳು. ಅವಳು ಅಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಾಳೆ. ತನ್ನ ಇತಿಹಾಸದ ನೋಟ್ಸ್ ನನ್ನ ಕೈಗೆ ಕೊಟ್ಟು ಪ್ರಶ್ನೆ ಕೇಳಲು ಹೇಳಿದಳು. ಆಂಗ್ಲೋ-ಮೈಸೂರು ಯುದ್ಧಗಳ ಪುಟದಲ್ಲಿ ಒಂದು ಸಾಲಿತ್ತು: ಹೈದರಾಲಿಗೆ ಓದು ಬರಹ ಬರುತ್ತಿರಲಿಲ್ಲ. ಫೇಲಾಗಿ ಕೂತಿದ್ದ ನನಗೆ ಆ ಸಾಲು ಬಹಳ ಹಿಡಿಸಿತು. ಅಕ್ಷರ ಬಾರದವನು ಆ ಕಾಲದ ಒಳ್ಳೆಯ ಕೋವಿ, ಫಿರಂಗಿ, ಬೆಂಕಿಬಾಣಗಳ ಸೈನ್ಯ ಕಟ್ಟಿದ್ದಾನೆ. ನಾನೇಕೆ ಒಂದು ಪೇಪರಿಗೆ ಇಷ್ಟು ಹೆದರಬೇಕು ಎನಿಸಿತು. ಹಾಗೆ ಸಮಾಧಾನ ಹುಡುಕುತ್ತ ಅವನ ಬಗ್ಗೆ ಓದಲು ಶುರು ಮಾಡಿದೆ. ಓದಿ ಮುಗಿಸುವ ಹೊತ್ತಿಗೆ ಸಿಕ್ಕಿದ್ದು ಬೇರೆಯೇ ಪಾಠ.

ಬೂದಿಕೋಟೆಯ ಹುಡುಗ

ಹೈದರಾಲಿ ಹುಟ್ಟಿದ್ದು ಈಗಿನ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ತಂದೆ ಫತೇ ಮಹಮ್ಮದ್ ಸಿಪಾಯಿ ಕೆಲಸದವನು. ಆರ್ಕಾಟಿನ ನವಾಬನ ಸೈನ್ಯದಲ್ಲಿ 50 ಮಂದಿ ಬಾಣದವರ ತುಕಡಿಗೆ ನಾಯಕನಾಗಿದ್ದ. ಇಲ್ಲಿ ಬಾಣ ಎಂದರೆ ಬಿಲ್ಲಿನ ಬಾಣವಲ್ಲ; ಮದ್ದು ತುಂಬಿ ಹಾರಿಸುವ ರಾಕೆಟ್. ಮುಂದೆ ಮಗ ಜಗತ್ತಿಗೆ ತೋರಿಸಿದ ಆಯುಧವನ್ನು ಅಪ್ಪ ಆಗಲೇ ಬಳಸುತ್ತಿದ್ದ.

ಫತೇ ಮಹಮ್ಮದ್ ಆಮೇಲೆ ಸಿರಾದ ನವಾಬನ ಚಾಕರಿಗೆ ಸೇರಿ ಯುದ್ಧದಲ್ಲಿ ಸತ್ತ. ಆಗ ಹೈದರ್ ಇನ್ನೂ ಚಿಕ್ಕವನು. ತಂದೆಯ ಸಾಲದ ನೆಪದಲ್ಲಿ ದೊಡ್ಡಬಳ್ಳಾಪುರದ ಅಧಿಕಾರಿ ಮನೆಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಂಡ. ಹೈದರ್ ಮತ್ತು ಅವನ ಅಣ್ಣ ಶಹಬಾಜ್‌ನನ್ನು ನಗಾರಿಯೊಳಗೆ ಕೂರಿಸಿ ಹಿಂಸೆ ಕೊಟ್ಟ ಎಂಬ ಕಥೆಯನ್ನು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಮೈಸೂರು ಸೈನ್ಯದಲ್ಲಿದ್ದ ಒಬ್ಬ ಬಂಧು ಅವರನ್ನು ಬಿಡಿಸಿಕೊಂಡು ಬಂದ. ಶಹಬಾಜ್ ಮೈಸೂರಿನ ಚಾಕರಿಗೆ ಸೇರಿದ. ಹೈದರ್ ಮಾತ್ರ ಮೂವತ್ತರ ಹತ್ತಿರ ಬರುವವರೆಗೂ ಹೇಳಿಕೊಳ್ಳುವಂಥ ಹುದ್ದೆಯಿಲ್ಲದೆ ಇದ್ದ.

ಈ ಸಂಗತಿಯನ್ನು ಕೆಲಸ ಹುಡುಕುತ್ತಿರುವ ಓದುಗರು ಗಮನಿಸಬೇಕು. ಇಪ್ಪತ್ಮೂರಕ್ಕೆ ಕೆಲಸ ಸಿಗದಿದ್ದರೆ ಬದುಕೇ ಮುಗಿಯಿತು ಎಂದು ನಾವು ಹಾಸ್ಟೆಲ್‌ನಲ್ಲಿ ಮಾತಾಡಿಕೊಳ್ಳುತ್ತೇವೆ. ಹೈದರನ ಹೆಸರು ಮೊದಲು ಕೇಳಿಬಂದದ್ದು 1749ರಲ್ಲಿ. ಮೈಸೂರಿನ ಸೈನ್ಯ ಆಗ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿತ್ತು. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಅಣ್ಣನ ತುಕಡಿಯ ಜೊತೆ ಸ್ವಂತ ಇಚ್ಛೆಯಿಂದ ಬಂದಿದ್ದ ಹೈದರನ ಧೈರ್ಯ, ತಣ್ಣನೆಯ ತಲೆ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. 50 ಕುದುರೆ ಸವಾರರು ಮತ್ತು 200 ಕಾಲಾಳುಗಳ ಮೇಲೆ ಅಧಿಕಾರ ಸಿಕ್ಕಿತು. ಅಲ್ಲಿಂದ ಹನ್ನೆರಡು ವರ್ಷಕ್ಕೆ ಅವನು ಮೈಸೂರು ರಾಜ್ಯವನ್ನೇ ನಡೆಸುತ್ತಿದ್ದ.

ಕೋವಿಯ ಲೆಕ್ಕ

ಆ ಕಾಲದ ನಮ್ಮ ಸೈನ್ಯಗಳಲ್ಲಿ ಹೆಚ್ಚಾಗಿ ಇದ್ದದ್ದು ಬತ್ತಿಯ ಕೋವಿ. ಹೊತ್ತಿಸಿದ ಹಗ್ಗದ ತುದಿಯನ್ನು ಮದ್ದಿಗೆ ತಾಗಿಸಿದರೆ ಗುಂಡು ಹಾರುತ್ತಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು. ಗಾಳಿಗೆ ಕಿಡಿ ಹಾರಿ ಪಕ್ಕದವನ ಮದ್ದಿನ ಚೀಲಕ್ಕೆ ಬೀಳುವ ಭಯವೂ ಇತ್ತು. ಯುರೋಪಿನವರ ಕೈಯಲ್ಲಿದ್ದದ್ದು ಚಕಮಕಿ ಕೋವಿ. ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ತಾನೇ ಹುಟ್ಟುತ್ತಿತ್ತು. ಚೆನ್ನಾಗಿ ತರಬೇತಾದ ಸಿಪಾಯಿ ನಿಮಿಷಕ್ಕೆ ಎರಡು ಮೂರು ಸಲ ಗುಂಡು ಹಾರಿಸಬಲ್ಲವನಾಗಿದ್ದ. ಕೋವಿಯ ತುದಿಗೆ ಬಯೊನೆಟ್ ಸಿಕ್ಕಿಸಿದರೆ ಅದೇ ಈಟಿಯೂ ಆಗುತ್ತಿತ್ತು.

1750ರ ಹೊತ್ತಿಗೆ ಹೈದರ್ ಮೈಸೂರಿನ ತುಕಡಿಯೊಂದಿಗೆ ತಮಿಳು ಸೀಮೆಯ ಯುದ್ಧಗಳಿಗೆ ಹೋದ. ಆ ವರ್ಷದ ಡಿಸೆಂಬರ್‌ನಲ್ಲಿ ಜಿಂಜಿಯ ಹತ್ತಿರ ನಿಜಾಮ ನಾಸಿರ್ ಜಂಗ್ ಕೊಲೆಯಾಗಿ ಅವನ ಶಿಬಿರ ಚೆಲ್ಲಾಪಿಲ್ಲಿಯಾಯಿತು. ಆ ಗದ್ದಲದಲ್ಲಿ ಹೈದರನ ಕಡೆಯವರು ಖಜಾನೆಯ ಒಂದಷ್ಟು ಭಾಗ ಬಾಚಿಕೊಂಡರು. ಚಿನ್ನದ ಜೊತೆ ಕೋವಿಗಳನ್ನೂ ಕೂಡಿಸಿಕೊಂಡರು. ಫ್ರೆಂಚರ ಸೈನ್ಯ ಬಿಟ್ಟು ಬಂದ ಕೆಲವರನ್ನು ಹೈದರ್ ತನ್ನ ಜನಕ್ಕೆ ಕವಾಯತು ಕಲಿಸಲು ಇಟ್ಟುಕೊಂಡ. ಚಕಮಕಿ ಕೋವಿ, ಬಯೊನೆಟ್ ಹಿಡಿದ ಸಿಪಾಯಿಗಳನ್ನೂ, ಯುರೋಪಿಯನ್ನರು ನಡೆಸುವ ಫಿರಂಗಿಗಳನ್ನೂ ಒಟ್ಟಿಗೆ ಇಟ್ಟುಕೊಂಡ ಮೊದಲ ಭಾರತೀಯ ಇವನೇ ಎಂದು ಹೇಳುತ್ತಾರೆ. ಯಾವ ಕೋವಿ ಚೆನ್ನ ಎಂಬುದರ ಜೊತೆಗೆ, ಅದನ್ನು ಸಾಲಾಗಿ ನಿಂತು ಹೇಗೆ ಹಾರಿಸಬೇಕು ಎಂಬುದನ್ನೂ ಹೈದರ್ ವೈರಿಯ ಶಿಬಿರ ನೋಡಿಯೇ ಕಲಿತ.

ದಿಂಡಿಗಲ್‌ನ ಕಾರ್ಖಾನೆ

1755ರಲ್ಲಿ ಹೈದರನನ್ನು ದಿಂಡಿಗಲ್‌ಗೆ ಫೌಜುದಾರನನ್ನಾಗಿ ಕಳಿಸಿದರು. ಪಾಳೆಯಗಾರರ ಕಾಟ ಇದ್ದ ಗಡಿ ಊರು ಅದು. ಅಲ್ಲಿ ಅವನು ಶಸ್ತ್ರಾಗಾರ ಕಟ್ಟಿದ. ಶ್ರೀರಂಗಪಟ್ಟಣ, ತಿರುಚಿನಾಪಳ್ಳಿ, ಪಾಂಡಿಚೇರಿಗಳಿಂದ ಕುಶಲಕರ್ಮಿಗಳನ್ನು ಕರೆಸಿ ಫ್ರೆಂಚ್ ಮೇಸ್ತ್ರಿಗಳ ಕೈಕೆಳಗೆ ಕೆಲಸಕ್ಕೆ ಹಚ್ಚಿದ. ಫಿರಂಗಿ ಪಡೆ, ಆಯುಧಗಳ ಉಗ್ರಾಣ, ಮದ್ದು ತಯಾರಿಸುವ ಜಾಗ ಎಲ್ಲ ಒಂದೇ ಕಡೆ ಆದವು. ಇವತ್ತು ನಾವು ರಿಸರ್ಚ್ ಮತ್ತು ಪ್ರೊಡಕ್ಷನ್ ಎಂದು ಹೇಳುವುದು ಅಲ್ಲಿ ಒಂದೇ ಅಂಗಳದಲ್ಲಿ ನಡೆಯುತ್ತಿತ್ತು.

ಓದು ಬಾರದವನು ಇದನ್ನೆಲ್ಲ ಹೇಗೆ ನಿಭಾಯಿಸಿದ? ಕನ್ನಡ, ಹಿಂದೂಸ್ತಾನಿ, ತೆಲುಗು, ತಮಿಳು, ಮರಾಠಿ ಐದೂ ಭಾಷೆ ಅವನ ಬಾಯಲ್ಲಿದ್ದವು. ನೆನಪಿನ ಶಕ್ತಿ ದೊಡ್ಡದಾಗಿತ್ತು. ಲೆಕ್ಕಪತ್ರ ನೋಡಿಕೊಳ್ಳಲು ಖಂಡೇರಾವ್ ಎಂಬ ಜಾಣ ಇದ್ದ. ಕಾಗದಗಳಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಗೀಚುತ್ತಿದ್ದ. ಇಲ್ಲಿಯವರೆಗೆ ಓದಿದಾಗ ನನ್ನ ಸಮಾಧಾನ ಇನ್ನೂ ಹೆಚ್ಚಾಯಿತು. ಕೈಯಲ್ಲಿ ಕಸುಬು ಗೊತ್ತಿದ್ದರೆ ಸಾಕು, ಪುಸ್ತಕ ಯಾಕೆ ಎಂದುಕೊಂಡೆ.

1760ರಲ್ಲಿ ಅದೇ ಖಂಡೇರಾವ್ ತಿರುಗಿಬಿದ್ದ. ಅರಮನೆಯವರ ಜೊತೆ ಸೇರಿ ಹೈದರನನ್ನು ಶ್ರೀರಂಗಪಟ್ಟಣದಿಂದ ಓಡಿಸಿದ. ಹೈದರ್ ರಾತ್ರೋರಾತ್ರಿ ಬೆಂಗಳೂರಿಗೆ ತಪ್ಪಿಸಿಕೊಂಡು ಹೋಗಿ, ಸೈನ್ಯ ಕೂಡಿಸಿಕೊಂಡು ಮರುವರ್ಷ ಮರಳಿ ಬಂದ. 1761ರಿಂದ ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ರಾಜರು, ಅಧಿಕಾರ ಹೈದರನದು. ಖಂಡೇರಾವ್‌ನನ್ನು ಪಂಜರದಲ್ಲಿಟ್ಟ ಕಥೆ ನಮಗೆಲ್ಲ ಗೊತ್ತು. ಅನ್ನ ಕೊಟ್ಟ ಅರಮನೆಯ ಅಧಿಕಾರ ಕಿತ್ತುಕೊಂಡದ್ದನ್ನಾಗಲಿ, ಈ ಕ್ರೌರ್ಯವನ್ನಾಗಲಿ ನಾನು ಮೆಚ್ಚಲಾರೆ. ಆದರೆ ಅವನ ಬದುಕು ಬರೆಯುವಾಗ ಇದನ್ನು ಬಿಡಲೂ ಬಾರದು.

1763ರಲ್ಲಿ ಅವನು ಬಿದನೂರನ್ನು ಗೆದ್ದ. ಅಲ್ಲಿ ಸಿಕ್ಕ ಸಂಪತ್ತು ಅವನ ಸೈನ್ಯಕ್ಕೆ ಬೆನ್ನೆಲುಬಾಯಿತು. ಊರಿಗೆ ಹೈದರ್ ನಗರ ಎಂದು ಹೆಸರಿಟ್ಟು ಟಂಕಸಾಲೆ, ಶಸ್ತ್ರಾಗಾರ ತೆರೆದ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಈಗಿನ ನಗರವೇ ಅದು. ಆ ಊರನ್ನು ನೆನಪಿಡಿ, ಮುಂದೆ ಬರುತ್ತದೆ.

ನಮ್ಮ ಕೃಷ್ಣಾ ದಂಡೆಯ ಕಡೆಗೂ ಹೈದರನ ಕಥೆ ಬರುತ್ತದೆ. ಪೇಶ್ವೆ ಮಾಧವರಾವ್ 1764ರಿಂದ 1772ರ ನಡುವೆ ಮತ್ತೆ ಮತ್ತೆ ಅವನ ಮೇಲೆ ದಂಡೆತ್ತಿ ಹೋದ. ಆ ಸೈನ್ಯದಲ್ಲಿ ನಮ್ಮ ಪಕ್ಕದ ಮಿರಜಿನ ಪಟವರ್ಧನರೂ ಇದ್ದರು. 1771ರಲ್ಲಿ ಮೇಲುಕೋಟೆಯ ಹತ್ತಿರ ಚಿನಕುರಳಿಯಲ್ಲಿ ಹೈದರ್ ಹೀನಾಯವಾಗಿ ಸೋತ. ಮಾಧವರಾವ್ ತೀರಿಕೊಂಡ ಮೇಲೆ ಕಳೆದುಕೊಂಡದ್ದನ್ನೆಲ್ಲ ವಾಪಸು ಪಡೆದು, ರಾಜ್ಯದ ಎಲ್ಲೆಯನ್ನು ಕೃಷ್ಣಾ ನದಿಯವರೆಗೆ ಚಾಚಿದ. ಸೋತಾಗ ಅವನು ಸುಮ್ಮನೆ ಕೂತವನಲ್ಲ.

ಫಿರಂಗಿ ಎಳೆಯುವ ಎತ್ತುಗಳ ವಿಷಯದಲ್ಲೂ ಅವನದು ಕಸುಬುದಾರನ ಕಣ್ಣು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳನ್ನು ಅವನು ಸೈನ್ಯದ ಸಾಗಾಟಕ್ಕೆ ಬಳಸಿದ. ಮುಂದೆ ಟಿಪ್ಪು ಇವಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. 1781ರಲ್ಲಿ ಚಿದಂಬರದ ನೆರವಿಗೆ ಹೋಗುವಾಗ ಈ ಎತ್ತುಗಳಿಂದಾಗಿ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತು ಎಂದು ದಾಖಲಾಗಿದೆ. ಕಿಲಾರಿ ಎತ್ತು ಕಟ್ಟುವ ನಮ್ಮ ಕಡೆಯ ರೈತರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ತೋಪು ಎಷ್ಟೇ ಚೆನ್ನಾಗಿದ್ದರೂ ಹೊತ್ತಿಗೆ ಸರಿಯಾಗಿ ರಣಕ್ಕೆ ತಲುಪದಿದ್ದರೆ ಅದು ಬರೀ ಕಂಚಿನ ದಿಮ್ಮಿ.

ಬೆಂಕಿಬಾಣ ಮತ್ತು ಅಜ್ಜನ ಗಾಲಿ

ಈಗ ರಾಕೆಟ್ ವಿಷಯಕ್ಕೆ ಬರುತ್ತೇನೆ. ಮದ್ದಿನ ಬಾಣ ಹೈದರನಿಗಿಂತ ಮೊದಲೂ ಇತ್ತು. ಬಿದಿರು ಅಥವಾ ಕಾಗದದ ಕೊಳವೆಯಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಮದ್ದು ತುಂಬುತ್ತಿದ್ದರು. ಮೈಸೂರಿನಲ್ಲಿ ಕೊಳವೆ ಕಬ್ಬಿಣದ್ದಾಯಿತು. ಒಂದು ಗೇಣಿನಷ್ಟು ಅಥವಾ ಸ್ವಲ್ಪ ಹೆಚ್ಚು ಉದ್ದದ ಕಬ್ಬಿಣದ ಕೊಳವೆ. ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಲ್ಲಿ ಹೊಗೆ ನುಗ್ಗಲು ಕಿಂಡಿ. ಅದನ್ನು ಉದ್ದನೆಯ ಬಿದಿರಿನ ಕೋಲಿಗೋ ಕತ್ತಿಯ ಅಲಗಿಗೋ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಕೋಲು ಬಾಣದ ಬಾಲದ ಹಾಗೆ ದಿಕ್ಕು ಕಾಯುತ್ತಿತ್ತು. ಇಂಥ ರಾಕೆಟ್ ಒಂದರಿಂದ ಎರಡು ಕಿಲೋಮೀಟರ್ ದೂರ ಹೋಗುತ್ತಿತ್ತು. ಹೈದರನ ಕಾಲದಲ್ಲಿ 1,200ರಷ್ಟಿದ್ದ ರಾಕೆಟ್ ಪಡೆ ಟಿಪ್ಪುವಿನ ಕಾಲಕ್ಕೆ 5,000ದವರೆಗೆ ಬೆಳೆಯಿತು ಎನ್ನುತ್ತಾರೆ.

ಕಾಗದದ ಬದಲು ಕಬ್ಬಿಣ ಹಾಕಿದರೆ ಇಷ್ಟು ವ್ಯತ್ಯಾಸ ಏಕೆ? ಮದ್ದು ಉರಿದಾಗ ಹುಟ್ಟುವ ಅನಿಲ ಕೊಳವೆಯ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಗೋಡೆ ತಡೆದುಕೊಂಡರೆ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಅನಿಲ ಕಿಂಡಿಯಿಂದ ಜೋರಾಗಿ ಹಿಂದಕ್ಕೆ ನುಗ್ಗುತ್ತದೆ, ರಾಕೆಟ್ ಅಷ್ಟೇ ಜೋರಾಗಿ ಮುಂದಕ್ಕೆ ಹೋಗುತ್ತದೆ. ಗೋಡೆ ತಡೆಯದಿದ್ದರೆ ಹಾರಿಸುವವನ ಕೈಯಲ್ಲೇ ಸಿಡಿಯುತ್ತದೆ. ಹಾಗಾದರೆ ಗೋಡೆ ಎಷ್ಟು ದಪ್ಪ ಇರಬೇಕು?

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಯಾಕೆಂದರೆ ಇದು ಪರೀಕ್ಷೆಯಲ್ಲಿ ನಾನು ಬಿಟ್ಟು ಬಂದಿದ್ದ ಪ್ರಶ್ನೆ. ತೆಳು ಗೋಡೆಯ ಸಿಲಿಂಡರ್, ಹೂಪ್ ಸ್ಟ್ರೆಸ್. ಒಳಗಿನ ಒತ್ತಡವನ್ನು ವ್ಯಾಸದಿಂದ ಗುಣಿಸಿ, ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಬೇಕು. ಸೂತ್ರ ಬಾಯಿಪಾಠ ಇತ್ತು. ಅದು ಏನನ್ನು ಹೇಳುತ್ತದೆ ಎಂದು ಗೊತ್ತಿರಲಿಲ್ಲ.

ಸಂಜೆ ಅಪ್ಪನ ಹತ್ತಿರ ಹೋಗಿ, ಪರೀಕ್ಷೆಯ ಮಾತು ಎತ್ತದೆ, ಕಬ್ಬಿಣದ ಕೊಳವೆಯ ಒಳಗೆ ಮದ್ದು ಉರಿದರೆ ಅದು ಎಲ್ಲಿ ಒಡೆಯುತ್ತದೆ ಎಂದು ಕೇಳಿದೆ. ಅಪ್ಪ ಯೋಚನೆಯನ್ನೇ ಮಾಡದೆ, ಉದ್ದಕ್ಕೆ ಸೀಳುತ್ತದೆ, ಅದೂ ಜೋಡಿಸಿದ ಜಾಗದಲ್ಲೇ ಎಂದರು. ಹೇಗೆ ಗೊತ್ತು ಎಂದರೆ ಅಜ್ಜನ ಗಾಲಿಯ ಪಟ್ಟಿ ನೆನಪಿಲ್ಲವೇ ಎಂದರು.

ನೆನಪಿತ್ತು. ಅಜ್ಜ ಪಟ್ಟಿಯ ಬಳೆಯನ್ನು ಮರದ ಗಾಲಿಗಿಂತ ಸ್ವಲ್ಪ ಚಿಕ್ಕದಾಗಿಯೇ ಮಾಡುತ್ತಿದ್ದರು. ಅದನ್ನು ನೆಲದ ಮೇಲಿಟ್ಟು ಸುತ್ತ ಕುಳ್ಳು ಪೇರಿಸಿ ಬೆಂಕಿ ಹಚ್ಚುತ್ತಿದ್ದರು. ಕಾದು ಹಿಗ್ಗಿದ ಬಳೆಯನ್ನು ಮೂವರು ಇಕ್ಕಳದಿಂದ ಎತ್ತಿ ಗಾಲಿಗೆ ಕೂರಿಸಿ ನೀರು ಸುರಿಯುತ್ತಿದ್ದರು. ಭುಸ್ಸೆಂದು ಹಬೆ ಎದ್ದು, ಬಳೆ ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತಿತ್ತು. ಒಳಗಿನಿಂದ ಮರ ಹೊರಕ್ಕೆ ನೂಕುತ್ತದೆ, ಬಳೆ ಸುತ್ತಲೂ ಹಿಗ್ಗಿ ಬಿಗಿಯಾಗಿ ನಿಲ್ಲುತ್ತದೆ. ತೆಳು ಪಟ್ಟಿ ಹಾಕಿದರೆ, ಬೆಸುಗೆ ಸರಿಯಿಲ್ಲದಿದ್ದರೆ, ಪಟ್ ಎಂದು ಅಲ್ಲೇ ಹರಿಯುತ್ತದೆ. ಮರದ ಬದಲು ಅನಿಲ ಇಟ್ಟರೆ ಅದೇ ರಾಕೆಟ್. ಬಳೆಯಲ್ಲಿ ಸುತ್ತಲೂ ಇರುವ ಆ ಎಳೆತವೇ ಹೂಪ್ ಸ್ಟ್ರೆಸ್.

ಅಂದು ರಾತ್ರಿ ಒಂದು ಲೆಕ್ಕ ಹಾಕಿದೆ. ಕೊಳವೆಯ ವ್ಯಾಸ 50 ಮಿ.ಮೀ., ಗೋಡೆ 3 ಮಿ.ಮೀ., ಒಳಗಿನ ಒತ್ತಡ 3 ಮೆಗಾ ಪ್ಯಾಸ್ಕಲ್ ಎಂದು ಇಟ್ಟುಕೊಂಡೆ. ಉತ್ತರ 25 ಮೆಗಾ ಪ್ಯಾಸ್ಕಲ್ ಬಂತು. ಬಡಿದು ಮಾಡಿದ ಒಳ್ಳೆಯ ಮೆದು ಕಬ್ಬಿಣ ಅದರ ಹಲವು ಪಟ್ಟು ತಡೆಯುತ್ತದೆ. ಆದರೆ ಜೋಡಣೆ ದುರ್ಬಲವಾಗಿದ್ದರೆ, ಕಬ್ಬಿಣದಲ್ಲಿ ಕಿಟ್ಟ ಉಳಿದಿದ್ದರೆ ಲೆಕ್ಕ ಕೆಡುತ್ತದೆ. ಆ ಅಂತರವನ್ನು ಕಾಯುತ್ತಿದ್ದದ್ದು ಕಮ್ಮಾರನ ಕೈ. ಹೈದರನ ಸೈನ್ಯದ ರಾಕೆಟ್ ಹಿಂದೆ ಕುಲುಮೆಗಳ ಕೆಲಸವಿತ್ತು. ಕಾಲೇಜಿನಲ್ಲಿ ನಾನು ಹೆಸರು ಹೇಳಲು ನಾಚುತ್ತಿದ್ದ ಕೆಲಸ ಅದೇ.

ಪೊಳ್ಳಿಲೂರು

ಹೈದರ್ ಬ್ರಿಟಿಷರ ಜೊತೆ ಎರಡು ದೊಡ್ಡ ಯುದ್ಧ ಮಾಡಿದ. ಮೊದಲನೆಯದು 1767ರಿಂದ 1769. ಕೊನೆಗೆ ಅವನ ಸವಾರರು ಮದರಾಸಿನ ಬಾಗಿಲಿಗೇ ಬಂದು ನಿಂತಾಗ ಕಂಪನಿ ಸರ್ಕಾರ 1769ರ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಬಂತು. ಯಾರಾದರೂ ದಾಳಿ ಮಾಡಿದರೆ ಪರಸ್ಪರ ನೆರವಾಗಬೇಕು ಎಂಬುದು ಅದರ ಷರತ್ತು. ಮರಾಠರು ಬಂದಾಗ ಕಂಪನಿ ನೆರವಿಗೆ ಬರಲಿಲ್ಲ. ಹೈದರ್ ಅದನ್ನು ಮರೆಯಲಿಲ್ಲ.

ಎರಡನೆಯ ಯುದ್ಧ ಶುರುವಾದದ್ದು 1780ರಲ್ಲಿ. ಆ ವರ್ಷ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ವಿಲಿಯಂ ಬೈಲಿಯ ಸುಮಾರು 3,800 ಮಂದಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಯುದ್ಧದ ನಡುವೆ ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದವು. ಮೈಸೂರಿನ ರಾಕೆಟ್‌ಗಳೇ ಅದಕ್ಕೆ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬೈಲಿ ಸೆರೆಯಾದ. ಸ್ವಲ್ಪ ದೂರದಲ್ಲೇ ಇದ್ದ ಹೆಕ್ಟರ್ ಮನ್ರೋ ತನ್ನ ದೊಡ್ಡ ತೋಪುಗಳನ್ನು ಕೆರೆಗೆ ತಳ್ಳಿ ಮದರಾಸಿಗೆ ಹಿಂದಿರುಗಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಯುದ್ಧದ ಚಿತ್ರವಿದೆ. ಪ್ರವಾಸಕ್ಕೆ ಹೋದವರು ಅದರ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತೇವೆ. ಮದ್ದಿನ ಬಂಡಿ ಸಿಡಿಯುವ ಭಾಗವನ್ನು ನಿಂತು ನೋಡಿ.

ಗೆಲುವನ್ನಷ್ಟೇ ಬರೆದರೆ ಸುಳ್ಳಾಗುತ್ತದೆ. ಆ ದಂಡಯಾತ್ರೆಯಲ್ಲಿ ಆರ್ಕಾಟಿನ ಸೀಮೆಯ ಊರೂರುಗಳೇ ಸುಟ್ಟುಹೋದವು, ರೈತರು ದಿಕ್ಕಾಪಾಲಾದರು. ಮರುವರ್ಷ 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಐರ್ ಕೂಟ್ ಹೈದರನನ್ನು ಸೋಲಿಸಿದ. ಆ ಹೊತ್ತಿಗೆ ಹೈದರನಿಗೆ ಅರವತ್ತು ವರ್ಷ. ಬೆನ್ನಿನ ಮೇಲೆ ಹುಣ್ಣಾಗಿ ಅದು ವಾಸಿಯಾಗಲಿಲ್ಲ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಶಿಬಿರದಲ್ಲಿ ತೀರಿಕೊಂಡ. ಮಲಬಾರಿನ ಕಡೆ ಇದ್ದ ಟಿಪ್ಪು ಬರುವವರೆಗೆ ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ದೇಹವನ್ನು ಮೊದಲು ಕೋಲಾರಕ್ಕೆ ಒಯ್ದು, ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಮಣ್ಣು ಮಾಡಿದರು.

ಬಾಣ ಲಂಡನ್ನಿಗೆ ಹೋಯಿತು

ಹೈದರನ ಕಥೆ ಅಲ್ಲಿಗೆ ಮುಗಿದಿದ್ದರೆ ನನ್ನ ಸಮಾಧಾನವೂ ಹಾಗೇ ಉಳಿಯುತ್ತಿತ್ತು. ಆದರೆ ಮುಂದಿನ ಅಧ್ಯಾಯ ಓದಿದೆ. ಟಿಪ್ಪು ರಾಕೆಟ್ ಪಡೆಯನ್ನು ಬೆಳೆಸಿದ, ಸೇನೆಗೆ ಕೈಪಿಡಿಯನ್ನೂ ಬರೆಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಯಲ್ಲಿ ಸಿಕ್ಕ ರಾಕೆಟ್‌ಗಳಲ್ಲಿ ಕೆಲವನ್ನು ಬ್ರಿಟಿಷರು ಲಂಡನ್ ಹತ್ತಿರದ ವುಲ್ವಿಚ್ ಶಸ್ತ್ರಾಗಾರಕ್ಕೆ ಕಳಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ 1804ರ ಸುಮಾರಿಗೆ ಪ್ರಯೋಗ ಶುರು ಮಾಡಿದ. ಮದ್ದಿನ ಪ್ರಮಾಣ ಬದಲಿಸಿ ನೋಡಿದ, ತೂಕಗಳನ್ನು ಗೊತ್ತುಪಡಿಸಿದ, ಹಾರಿಸಿ ದೂರ ಅಳೆದ, ಎಲ್ಲವನ್ನೂ ಬರೆದಿಟ್ಟ, ಪುಸ್ತಕ ಅಚ್ಚು ಹಾಕಿಸಿದ. ಅವನ 32 ಪೌಂಡಿನ ರಾಕೆಟ್ ಸುಮಾರು 2.7 ಕಿಲೋಮೀಟರ್ ಹೋಗುತ್ತಿತ್ತು. 1806ರಲ್ಲಿ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದದ್ದೂ ಅವೇ; ಆ ದೇಶದ ರಾಷ್ಟ್ರಗೀತೆಯಲ್ಲಿ ಅದರ ಪ್ರಸ್ತಾಪವಿದೆ. ಜಗತ್ತು ಆ ಆಯುಧವನ್ನು ಕಾಂಗ್ರೀವ್ ರಾಕೆಟ್ ಎಂದು ಕರೆಯಿತು.

ನಮ್ಮ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್‌ನ ರಾಕೆಟ್‌ಗಳ ಬಗ್ಗೆ ಒಂದು ಅಧ್ಯಯನ ಬರೆದರು. ಅದರ ವಿಷಯ ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕುಲುಮೆಯ ಜಾಣತನದಲ್ಲಿ ಮೈಸೂರು ಮುಂದಿತ್ತು. ಆದರೆ ಬ್ರಿಟಿಷರ ಕೈಯಲ್ಲಿ ನ್ಯೂಟನ್ ಇದ್ದ, ಅಳತೆ ಇತ್ತು, ಅಚ್ಚಿನ ಪುಸ್ತಕ ಇತ್ತು. ಕೈಯಲ್ಲಿ ಮಾತ್ರ ಇದ್ದ ವಿದ್ಯೆ, ಕೈ ಹೋದ ಮೇಲೆ ಹೋಯಿತು. ಬರೆದಿಟ್ಟ ವಿದ್ಯೆ ಬೆಳೆಯಿತು. ಕಾಂಗ್ರೀವ್‌ನ ಹೆಸರು ಪಠ್ಯಪುಸ್ತಕದಲ್ಲಿದೆ. ಕೊಳವೆ ಬಡಿದ ಮೈಸೂರಿನ ಕಮ್ಮಾರರಲ್ಲಿ ಒಬ್ಬರ ಹೆಸರೂ ಇಲ್ಲ.

ಹೈದರನ ನಿರಕ್ಷರತೆಯಲ್ಲಿ ನಾನು ಹುಡುಕಿದ್ದ ಸಮಾಧಾನ ಅಲ್ಲಿಗೆ ಮುರಿಯಿತು. ಓದು ಬಾರದಿರುವುದು ಅವನ ಬಲವಾಗಿರಲಿಲ್ಲ. ಅವನ ಬಲ ಬೇರೆ ಕಡೆ ಇತ್ತು: ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಂದ ಕಲಿಯಲು ಅವನು ನಾಚಲಿಲ್ಲ. ಫ್ರೆಂಚ್ ಸಿಪಾಯಿಯಿಂದ ಕವಾಯತು, ಮೇಸ್ತ್ರಿಯಿಂದ ತೋಪು, ತನ್ನ ಅಪ್ಪನ ಕಸುಬಿನಿಂದ ಬಾಣ. ನಾನು ಎರಡೂ ಕಡೆ ನಾಚುತ್ತಿದ್ದೆ. ಮೇಷ್ಟರ ಹತ್ತಿರ ಅರ್ಥವಾಗಲಿಲ್ಲ ಎನ್ನಲು ನಾಚಿಕೆ, ಅಪ್ಪನ ಹತ್ತಿರ ಫೇಲು ಎನ್ನಲು ನಾಚಿಕೆ.

2018ರಲ್ಲಿ ನಗರದ ಒಂದು ಪಾಳು ಬಾವಿಯಲ್ಲಿ ಪುರಾತತ್ವ ಇಲಾಖೆಯವರಿಗೆ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಟಿಪ್ಪುವಿನ ಕಾಲದವು ಎನ್ನುತ್ತಾರೆ. ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ನೋಡಬಹುದು. ಕೆಸರಿನಲ್ಲಿ ಇನ್ನೂರು ವರ್ಷ ಇದ್ದರೂ ಕೊಳವೆಗಳ ಆಕಾರ ಉಳಿದಿದೆ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಕೆಡವದೆ, ಸುಮಾರು 1,000 ಟನ್ ತೂಕದ ಇಡೀ ಕಟ್ಟಡವನ್ನು ಅನಾಮತ್ತಾಗಿ ಎತ್ತಿ ಸುಮಾರು ನೂರು ಮೀಟರ್ ಆಚೆ ಕೂರಿಸಿದರು. ಸಿವಿಲ್ ಓದುವ ಗೆಳೆಯರು ಅದನ್ನೂ ನೋಡಿ ಬರಬೇಕು.

ಈ ಕ್ಷೇತ್ರ ಇಷ್ಟವಾಗುವವರಿಗೆ ಒಂದು ಮಾತು. ಸೈನ್ಯ ಸೇರಲು ಬೆಳಗಿನ ಜಾವ ರಸ್ತೆಯಲ್ಲಿ ಓಡುವ ಹುಡುಗರು ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾರೆ. ಆದರೆ ಆ ಸೈನ್ಯದ ಕೋವಿಯನ್ನು ವಿನ್ಯಾಸ ಮಾಡುವ ಕೆಲಸವೂ ಇದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ಇನ್ಸಾಸ್ ರೈಫಲ್ ವಿನ್ಯಾಸವಾದದ್ದು ನಮಗೆ ಹತ್ತಿರದ ಪುಣೆಯಲ್ಲಿರುವ ಡಿಆರ್‌ಡಿಒದ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ. 2021ರ ಅಕ್ಟೋಬರ್‌ನಲ್ಲಿ ದೇಶದ ಆರ್ಡ್ನೆನ್ಸ್ ಫ್ಯಾಕ್ಟರಿಗಳು ಏಳು ಕಂಪನಿಗಳಾಗಿವೆ. ಡಿಆರ್‌ಡಿಒ ವಿಜ್ಞಾನಿ ಹುದ್ದೆಗೆ ಗೇಟ್ ಅಂಕ ಕೇಳುತ್ತಾರೆ. ಗೇಟ್ ಮೆಕ್ಯಾನಿಕಲ್ ಪತ್ರಿಕೆಯಲ್ಲಿ ಹೂಪ್ ಸ್ಟ್ರೆಸ್ ತಪ್ಪಿಸಿಕೊಳ್ಳಲು ಆಗುವುದಿಲ್ಲ!

ಹೇಳಬೇಕಿದ್ದ ಮಾತು

ಕಾಲೇಜಿಗೆ ಮರಳುವ ಹಿಂದಿನ ದಿನ ಅಪ್ಪನಿಗೆ ನಿಜ ಹೇಳಿದೆ. ಒಂದು ವಿಷಯ ಹೋಗಿದೆ, ಸುಳ್ಳು ಹೇಳಿದ್ದೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಸುಗೆ ಬಿಟ್ಟರೆ ಮತ್ತೆ ಕಾಯಿಸಬೇಕು, ಬಿಟ್ಟಿದ್ದನ್ನು ಮುಚ್ಚಿ ಬಣ್ಣ ಹೊಡೆದರೆ ರಸ್ತೆಯಲ್ಲಿ ಗಾಲಿ ಕಳಚುತ್ತದೆ ಎಂದರು. ಅವ್ವ ಒಳಗಿನಿಂದಲೇ ಊಟಕ್ಕೆ ಕರೆದಳು. ಅಷ್ಟೇ ಆಯಿತು. ಮೂರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದು ಐದು ನಿಮಿಷದಲ್ಲಿ ಮುಗಿಯಿತು.

ಆ ಪೇಪರನ್ನು ಮತ್ತೆ ಬರೆದೆ. ತೆಳು ಸಿಲಿಂಡರ್ ಪ್ರಶ್ನೆ ಬಂದಿತ್ತು. ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಅಜ್ಜನ ಗಾಲಿ. ಕಳೆದ ತಿಂಗಳು ಫಲಿತಾಂಶ ಬಂತು. ಪಾಸಾಗಿದ್ದೇನೆ, ಅಂಕ ಹೇಳಿಕೊಳ್ಳುವಂಥದ್ದೇನೂ ಅಲ್ಲ.

ಈ ಸಲದ ರಜೆಯಲ್ಲಿ ಒಂದು ಕೆಲಸ ಇಟ್ಟುಕೊಂಡಿದ್ದೇನೆ. ಅಪ್ಪನ ಹತ್ತಿರ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು: ಗಾಲಿಗಿಂತ ಪಟ್ಟಿ ಎಷ್ಟು ಬೆರಳು ಚಿಕ್ಕದಿರಬೇಕು, ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಎತ್ತಬೇಕು, ಕೊಯ್ತಾಕ್ಕೆ ನೀರು ಹೇಗೆ ಕುಡಿಸಬೇಕು. ಮೊದಲ ಪುಟದಲ್ಲಿ ಅಜ್ಜನ ಹೆಸರು, ಅಪ್ಪನ ಹೆಸರು ಬರೆಯುತ್ತೇನೆ. ಇನ್ನು ಮುಂದೆ ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ನಮ್ಮದು ಕುಲುಮೆ ಎಂದೇ ಹೇಳುತ್ತೇನೆ.